ಕೈಸನ್ನೆಯಲ್ಲಿ ಭೂಖಂಡ ಚಲನೆ

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಿದ್ದಾರೆ ಎಂಬ ಸುದ್ದಿ ಮತ್ತೆ ಬಂದಿದೆ. ಯಾವ ಶಾಲೆ ಎಂದು ಕೇಳಬೇಡಿ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ, ಹಳೆಯ ವರದಿಯಲ್ಲಿ ಊರಿನ ಹೆಸರು ಬದಲಿಸಿದರೆ ಪತ್ರಿಕೆಯವರ ಕೆಲಸ ಮುಗಿಯಿತು.

ಈ ಸಲ ಸಮಾಜ ವಿಜ್ಞಾನಕ್ಕಂತೆ. ನಾನಂತೂ ಸ್ವಾಗತಿಸುತ್ತೇನೆ. ಒಮ್ಮೆ ಕೂಡಿದ್ದ ಖಂಡಗಳು ಆಮೇಲೆ ದೂರ ಸರಿದವು ಎನ್ನುವ ಭೂಖಂಡ ಚಲನೆಯಂಥ ಪಾಠಕ್ಕೆ ಭಾಷೆಯಾದರೂ ಏಕೆ? ರಟ್ಟಿನಲ್ಲಿ ಆಫ್ರಿಕಾ, ದಕ್ಷಿಣ ಅಮೆರಿಕ ಕತ್ತರಿಸಿ, ಬ್ರೆಜಿಲ್‌ನ ಮೂಗನ್ನು ಗಿನಿ ಕೊಲ್ಲಿಯ ಕಂಕುಳಿಗೆ ತುರುಕಿದರೆ ಮೊದಲ ಸಾಕ್ಷ್ಯ ಮುಗಿಯಿತು. ಮೆಸೊಸಾರಸ್ ಬಂದಾಗ ತುಸು ಕಷ್ಟ. ಮೀಟರಿನಷ್ಟು ಉದ್ದದ ಈ ಸರೀಸೃಪದ ಪಳೆಯುಳಿಕೆ ಬ್ರೆಜಿಲ್‌ನಲ್ಲೂ ಇದೆ, ದಕ್ಷಿಣ ಆಫ್ರಿಕಾದಲ್ಲೂ ಇದೆ. ಅಟ್ಲಾಂಟಿಕ್ ಈಜಿ ದಾಟುವ ತಾಕತ್ತು ಅದಕ್ಕಿರಲಿಲ್ಲ. ಇದನ್ನು ತಿಳಿಸಲು ಅಧ್ಯಾಪಕರು ಮೇಜಿನ ಮೇಲೆ ಬೋರಲು ಮಲಗಿ, ಕೈಕಾಲು ಬಡಿದು, ಆಗುವುದಿಲ್ಲ ಎಂದು ತಲೆಯಾಡಿಸಬೇಕಾದೀತು. ಹಿಂದಿನ ಬೆಂಚಿನವರು ‘ಮೊಸಳೆಗೆ ಹೊಟ್ಟೆನೋವು’ ಎಂದು ಬರೆದುಕೊಂಡಾರು.

ಖಂಡಗಳೆಲ್ಲ ಒಮ್ಮೆ ಕೂಡಿಕೊಂಡಿದ್ದವು ಎಂದು 1912ರಲ್ಲಿ ಆಲ್ಫ್ರೆಡ್ ವೆಗೆನರ್ ಹೇಳಿದಾಗ ಭೂವಿಜ್ಞಾನಿಗಳು ಹರಿಹಾಯ್ದರು: ಹವಾಮಾನ ನೋಡುವವನಿಗೆ ಬಂಡೆಯ ಉಸಾಬರಿ ಏಕೆ? ಅರ್ಹತೆಯ ಬಗ್ಗೆ ಎಂಥ ಕಾಳಜಿ! ಪ್ರಾಣಿಗಳು ದಾಟಿದ್ದು ಭೂಸೇತುವೆಗಳ ಮೇಲೆ, ಆಮೇಲೆ ಸೇತುವೆಗಳು ಕಡಲಲ್ಲಿ ಮುಳುಗಿದವು ಎಂಬುದು ಆ ಪಂಡಿತರ ವಾದ. ಬೇಕಾದಾಗ ಕಟ್ಟು, ಸಾಕ್ಷಿ ಕೇಳಿದರೆ ಮುಳುಗಿಸು. ನಮ್ಮಲ್ಲೂ ಅಂಥದ್ದೊಂದು ಸೇತುವೆಯಿದೆ. ‘ಅಧ್ಯಾಪಕರಿಗೆ ಕನ್ನಡ ತರಬೇತಿ ಕೊಡಿಸುತ್ತೇವೆ’ ಎಂಬ ಭರವಸೆ. ಹೆತ್ತವರು ಧರಣಿ ಕುಳಿತ ದಿನ ಏಳುತ್ತದೆ, ಓಣಂ ರಜೆಯ ಹೊತ್ತಿಗೆ ಮುಳುಗಿರುತ್ತದೆ.

ವೆಗೆನರ್ 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡ. ಅವನ ಮಾತಿಗೆ ಮನ್ನಣೆ ಸಿಕ್ಕಿದ್ದು 1960ರ ದಶಕದಲ್ಲಿ, ಸಾಗರತಳ ಹರಡುತ್ತಿದೆ ಎಂದು ಗೊತ್ತಾದ ಮೇಲೆ. ಚಂದ್ರಗಿರಿಯ ಉತ್ತರಭಾಗ ಕರ್ನಾಟಕಕ್ಕೆ ಸೇರಲಿ ಎಂದ ಮಹಾಜನ ಗಡಿ ಆಯೋಗದ ವರದಿ ಬಂದದ್ದೂ ಅದೇ ದಶಕದಲ್ಲಿ, 1967ರಲ್ಲಿ. ಭಾರತವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಆ ಲೆಕ್ಕದಲ್ಲಿ ವರದಿಯಿಟ್ಟ ಕಪಾಟು ಈವರೆಗೆ ಮೂರು ಮೀಟರಿನಷ್ಟು ಮುಂದೆ ಹೋಗಿದೆ. ಕಡತಕ್ಕೆ ಬೇರೆ ಚಲನೆ ದಕ್ಕಿಲ್ಲ.

ತಮಾಷೆ ಸಾಕು. ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಲಾವಾ. ಕಾಸರಗೋಡಿನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ನೋಡಿಕೊಂಡು ಬರಬಹುದು. ಇಷ್ಟು ಹತ್ತಿರದ ಸಾಕ್ಷ್ಯವನ್ನು ಮಗುವಿಗೆ ಅದರ ಮಾತಿನಲ್ಲಿ ಹೇಳುವವರು ತರಗತಿಯಲ್ಲಿಲ್ಲ. ಪ್ರಶ್ನೆಪತ್ರಿಕೆ ಕನ್ನಡ, ಉತ್ತರವೂ ಕನ್ನಡ, ಪಾಠ ಮಾತ್ರ ಕೈಸನ್ನೆ. ‘ಮಕ್ಕಳಿಗೆ ಮಲಯಾಳ ಬರುತ್ತದಲ್ಲ’ ಎನ್ನುತ್ತಾರೆ. ಬರುತ್ತದೆ, ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು. ಅಷ್ಟರಲ್ಲೇ ದಕ್ಷಿಣದ ಖಂಡಗಳು ಕೂಡಿದ್ದ ಗೊಂಡ್ವಾನಾ ಎಂಬ ಮಹಾಖಂಡವನ್ನು ವಿವರಿಸಲು ಹಾಗೆನ್ನುವವರೇ ಒಂದು ದಿನ ಬರಲಿ. ಪಾಪ, ಅಧ್ಯಾಪಕರನ್ನು ಬೈದು ಫಲವಿಲ್ಲ. ಕಪ್ಪುಹಲಗೆಯ ಮುಂದೆ ಬೆವರುತ್ತಿರುವವರು ಅವರೇ.

ಮುಂದಿನ ಪಾಠ ಜ್ವಾಲಾಮುಖಿಯದಂತೆ. ಮೊದಲ ಬೆಂಚಿನವರು ತುಸು ಹಿಂದೆ ಕುಳಿತುಕೊಳ್ಳುವುದು ಒಳ್ಳೆಯದು.