ಮಳೆ 2 ಇಂಚು, ಮಗು 35 ನಿಮಿಷ

ನಮ್ಮ ಮಾವನ ಬಳಿ ಮಳೆ ಅಳೆಯುವ ಒಂದು ರೈನ್‌ಗೇಜ್ ಇದೆ. ಅಂಗಳದ ಆಚೆ, ಮರದ ಹನಿ ಬೀಳದ ಜಾಗದಲ್ಲಿ ಕೂತಿದೆ. ಮೇಲೊಂದು ಆಲಿಕೆ, ಒಳಗೊಂದು ಬಾಟಲಿ. ದಿನಾ ಬೆಳಿಗ್ಗೆ 8ಕ್ಕೆ ಮಾವ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೋಗುತ್ತಾರೆ. ನೀರನ್ನು ಗಾಜಿನ ಅಳತೆ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒಳಗೆ ಬಂದು ಡೈರಿಯಲ್ಲಿ ಬರೆಯುತ್ತಾರೆ. ‘2 ಇಂಚು 40 ಸೆಂಟ್.’ ಕೊಡಗಿನಲ್ಲಿ ತೋಟ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಇಂಚಿನಲ್ಲಿ ನೂರರ ಒಂದು ಪಾಲು ಒಂದು ಸೆಂಟ್. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಮ್ಮ ಕಾಫಿ ತೋಟಗಳು ಇನ್ನೂ ಇಂಚಿನಲ್ಲೇ ನೆನೆಯುತ್ತವೆ.

ಈ ಸಲ ಜುಲೈನಲ್ಲಿ ಆ ಡೈರಿಗೆ ಹೊಸದೊಂದು ಕಾಲಂ ಬಂತು. ‘ಮಗು.’

ಪುಟ್ಟಿಗೆ ಆಗ 14 ತಿಂಗಳು. ಅಲ್ಲಿಯವರೆಗೆ ಅವಳು ದಿನಕ್ಕೆ ಎರಡು ನಿದ್ದೆ ಮಾಡುತ್ತಿದ್ದಳು. ಬೆಳಿಗ್ಗೆ ಒಂಬತ್ತೂವರೆಗೆ ಒಂದು, ಮಧ್ಯಾಹ್ನ ಎರಡಕ್ಕೆ ಇನ್ನೊಂದು. ಇದ್ದಕ್ಕಿದ್ದ ಹಾಗೆ ಮಧ್ಯಾಹ್ನದ ನಿದ್ದೆಗೆ ರಜೆ ಘೋಷಿಸಿದಳು. ಜೋರು ಮಳೆ ಬಂದರೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಡ್ತಾರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಅವರು ಹಿಂದಿನ ದಿನವೇ ಹೇಳುತ್ತಾರೆ. ಇವಳು ತೊಲೆಗೆ ಕಟ್ಟಿದ ಸೀರೆ ಜೋಳಿಗೆಯಲ್ಲಿ ಮಲಗಿಸಿ, ತೂಗಿ, ಹಾಡಿ, ನನ್ನ ಕೈ ಸೋತು, ‘ಸದ್ಯ, ಮಲಗಿದಳು’ ಅಂದುಕೊಳ್ಳುವ ಹೊತ್ತಿಗೆ ಅಂಚಿನಿಂದ ತಲೆ ಹೊರಗೆ ಹಾಕುತ್ತಿದ್ದಳು. ಗೂಡಿನಿಂದ ಇಣುಕುವ ಕೆಂದಳಿಲಿನ ಹಾಗೆ. ಮುಖದಲ್ಲಿ ಒಂದು ಚೂರೂ ನಿದ್ದೆ ಇಲ್ಲ.

ಮನೆಯಲ್ಲಿ ಮೂರು ಅಭಿಪ್ರಾಯ. ಅತ್ತೆ ಹೇಳಿದರು, ‘ಅವಳಿಗೆ ಎರಡು ನಿದ್ದೆ ಜಾಸ್ತಿಯಾಗಿದೆ, ಒಂದು ಬಿಡಿಸು.’ ಗಂಡ ಮಡಿಕೇರಿಯ ಆಫೀಸಿನಿಂದಲೇ ಫೋನಿನಲ್ಲಿ, ‘ಹಲ್ಲು ಬರ್ತಿರಬೇಕು’ ಎಂದರು. ಅವರ ಪ್ರಕಾರ ಪುಟ್ಟಿಯ ಎಲ್ಲ ಸಮಸ್ಯೆಗೂ ಹಲ್ಲೇ ಕಾರಣ. ಆ ಲೆಕ್ಕದಲ್ಲಿ ಅವಳಿಗೆ ಈಗಾಗಲೇ ಎಪ್ಪತ್ತು ಹಲ್ಲು ಇರಬೇಕಿತ್ತು. ಮಾವ ಮಾತ್ರ ಕನ್ನಡಕ ಒರೆಸಿಕೊಂಡು ಕೇಳಿದರು, ‘ಒಂದು ದಿನ ಮಳೆ ಬಂತು ಅಂತ ಮಳೆಗಾಲ ಶುರುವಾಯ್ತು ಅನ್ನಕ್ಕಾಗ್ತದಾ? ಎರಡು ವಾರ ಅಳೆ. ಆಮೇಲೆ ಮಾತಾಡು.’

ತಮಾಷೆ ಅಂದರೆ, ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರೂ ಅದನ್ನೇ ಹೇಳಿದರು. ಎರಡು ನಿದ್ದೆಯಿಂದ ಒಂದಕ್ಕೆ ಇಳಿಯುವುದು ಸಾಮಾನ್ಯವಾಗಿ 13ರಿಂದ 18 ತಿಂಗಳ ಒಳಗೆ. ಆದರೆ ಹಲ್ಲು, ಶೀತ, ಊರು ಬದಲಾವಣೆ, ಹೊಸದಾಗಿ ನಡೆಯಲು ಕಲಿತ ಹುರುಪು, ಇವೆಲ್ಲ ನಾಲ್ಕು ದಿನ ನಿದ್ದೆ ಕೆಡಿಸುತ್ತವೆ. ಅದು ಸುಳ್ಳು ಸೂಚನೆ. ಎರಡು ವಾರ ಬಿಡದೆ ಹಾಗೇ ನಡೆದರೆ, ಎರಡನೇ ನಿದ್ದೆಯಿಂದಾಗಿ ರಾತ್ರಿ ಮಲಗುವುದು ತಡವಾಗುತ್ತಾ ಹೋದರೆ, ಅಥವಾ ಬೆಳಗಿನ ಜಾವವೇ ಎದ್ದು ಕೂತರೆ, ಆಗ ಯೋಚನೆ ಮಾಡಿ ಎಂದರು. ‘ಹಲ್ಲು’ ಅಂದಿದ್ದನ್ನು ಗಂಡನಿಗೆ ಹೇಳಲಿಲ್ಲ. ಸುಮ್ನೆ ತಲೆ ಮೇಲೆ ಕೂರುತ್ತಾರೆ.

ಹೀಗೆ ಡೈರಿಯ ಕಾಲಂ ಶುರುವಾಯಿತು. ‘ಮಳೆ 2 ಇಂಚು 10 ಸೆಂಟ್. ಮಗು ಬೆಳಿಗ್ಗೆ 1-10, ಮಧ್ಯಾಹ್ನ 35.’ ಅಂದರೆ ಬೆಳಗಿನ ನಿದ್ದೆ ಒಂದು ಗಂಟೆ ಹತ್ತು ನಿಮಿಷ, ಮಧ್ಯಾಹ್ನದ್ದು ಮೂವತ್ತೈದು ನಿಮಿಷ. ಮೊದಲ ಅನಾಹುತ ಆದದ್ದು ಈ ಲೆಕ್ಕದಿಂದಲೇ.

ಜುಲೈನಲ್ಲಿ ನಮ್ಮಲ್ಲಿ ಫೋನ್ ಎತ್ತಿದರೆ ‘ಹೇಗಿದ್ದೀರಿ’ ಎಂದು ಯಾರೂ ಕೇಳುವುದಿಲ್ಲ. ‘ಎಷ್ಟಾಯ್ತು?’ ಎಂದು ಕೇಳುತ್ತಾರೆ. ಗೋಣಿಕೊಪ್ಪದ ಚಿಕ್ಕಪ್ಪನೂ ಹಾಗೇ ಕೇಳಿದರು. ನಾನು ರಾತ್ರಿ ಮೂರು ಸಲ ಎದ್ದ ತಲೆಯಲ್ಲಿ, ‘ಬೆಳಿಗ್ಗೆ ಒಂದು ಹತ್ತು, ಮಧ್ಯಾಹ್ನ ಬರೀ ಇಪ್ಪತ್ತು’ ಎಂದೆ.

‘ನಿಮ್ಮ ಚೇರಂಬಾಣೆ ಕಡೆ ಅಷ್ಟೇನಾ? ಇಲ್ಲೇ ಮೂರಾಯ್ತಲ್ಲ!’

‘ಮೂರಾ? ನಿಮ್ಮ ಅದೃಷ್ಟ ಚಿಕ್ಕಪ್ಪ.’

‘ಎಂತ ಅದೃಷ್ಟ ಮಾರಾಯ್ತಿ, ಮೆಣಸಿನ ಬಳ್ಳಿ ಎಲ್ಲ ಕೊಳೀತಾ ಉಂಟು!’

ಮಗು ಮೂರು ಗಂಟೆ ಮಲಗಿದರೆ ಮೆಣಸಿನ ಬಳ್ಳಿ ಯಾಕೆ ಕೊಳೆಯುತ್ತದೆ ಎಂದು ನಾನು ಒಂದು ನಿಮಿಷ ನಿಜವಾಗಿಯೂ ಯೋಚಿಸಿದೆ.

ಎರಡು ವಾರ ಕಾಯುವ ತಾಳ್ಮೆ ಅತ್ತೆಗಿರಲಿಲ್ಲ. ಒಂದು ಭಾನುವಾರ ನಾಪೋಕ್ಲಿನ ನೆಂಟರ ಮನೆಗೆ ಹೋಗುವುದಿತ್ತು. ‘ಇವತ್ತು ಬೆಳಿಗ್ಗೆ ಮಲಗಿಸಲೇಬೇಡ. ಮಧ್ಯಾಹ್ನ ಒಳ್ಳೆ ನಿದ್ದೆ ಬರ್ತದೆ’ ಎಂದರು. ಸರಿ ಅನಿಸಿತು. ಹತ್ತೂವರೆವರೆಗೆ ಪುಟ್ಟಿ ಎಷ್ಟು ಖುಷಿಯಾಗಿದ್ದಳೆಂದರೆ ನೆಂಟರೆಲ್ಲ ‘ಎಷ್ಟು ಚುರುಕು!’ ಎಂದು ಹೊಗಳಿದರು. ನಾನೂ ಬೀಗಿದೆ. ನಿದ್ದೆ ಮೀರಿದ ಮಗು ಮೊದಲು ಕುಣಿಯುತ್ತದೆ, ಆಮೇಲೆ ಕುಸಿಯುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಹನ್ನೊಂದೂಕಾಲಿಗೆ ಶುರುವಾಯಿತು. ಕೋಳಿ ತನ್ನನ್ನು ಎತ್ತಿಕೊಳ್ಳಲು ಬಿಡಲಿಲ್ಲ ಎಂದು ಅತ್ತಳು. ರೊಟ್ಟಿ ಎರಡು ತುಂಡಾಯಿತು ಎಂದು ಅತ್ತಳು. ಆ ತುಂಡುಗಳನ್ನು ಜೋಡಿಸಿ ಕೊಟ್ಟರೆ, ಜೋಡಿಸಿದ್ದಕ್ಕೆ ಅತ್ತಳು. ಅತಿಯಾಗಿ ದಣಿದಾಗ ಮೈಯಲ್ಲಿ ಎಚ್ಚರ ಇಡುವ ಹಾರ್ಮೋನು ಏರುತ್ತದಂತೆ, ಆಗ ಬೇಕೆಂದರೂ ನಿದ್ದೆ ಹತ್ತುವುದಿಲ್ಲ. ಅವರ ಮನೆಯ ಕತ್ತಲೆ ಕೋಣೆಯಲ್ಲಿ ಮುಕ್ಕಾಲು ಗಂಟೆ ತಟ್ಟಿದೆ. ಗೋಡೆಯ ಮೇಲಿನ ಹಿರಿಯರ ಫೋಟೋಗಳಿಗೆಲ್ಲ ಟಾಟಾ ಮಾಡಿದಳು.

ವಾಪಸು ಬರುವಾಗ ಕಾರಿನಲ್ಲಿ ಮಲಗಿದಳು. ಕೊಡಗಿನ ರಸ್ತೆಯ ತಿರುವುಗಳಿಗೆ ದೊಡ್ಡವರು ವಾಂತಿ ಮಾಡುತ್ತಾರೆ, ಮಕ್ಕಳು ಮಲಗುತ್ತಾರೆ. ಆದರೆ ಮಲಗಿದ್ದು ನಮ್ಮ ಗೇಟಿಗೆ ಎಂಟು ನಿಮಿಷ ಇರುವಾಗ. ನಾಯಿ ಬೊಗಳಿತು, ಎದ್ದಳು. ಆ ಎಂಟು ನಿಮಿಷ ಮಧ್ಯಾಹ್ನದ ನಿದ್ದೆಯನ್ನು ಪೂರ್ತಿ ನುಂಗಿಹಾಕಿತು. ಹೊಟ್ಟೆ ಹಸಿದಾಗ ಎರಡು ಬಿಸ್ಕತ್ತು ತಿಂದರೆ ಊಟ ಸೇರದಲ್ಲ, ಅದೇ ಕಥೆ. ಕೊನೆಗೆ ಸಂಜೆ ಐದೂವರೆಗೆ, ಬಾಯಲ್ಲಿ ಅಕ್ಕಿರೊಟ್ಟಿ ಇರುವಾಗಲೇ, ಕೂತಲ್ಲೇ ಮುಂದಕ್ಕೆ ವಾಲಿ ಕುಂಬಳಕಾಯಿ ಪಲ್ಯಕ್ಕೆ ಕೆನ್ನೆ ಇಟ್ಟು ಮಲಗಿದಳು. ಏಳೂವರೆಗೆ ಎದ್ದಳು. ಆಮೇಲೆ ರಾತ್ರಿ ಹನ್ನೊಂದೂಮುಕ್ಕಾಲರವರೆಗೆ ಹಬ್ಬ. ಕರೆಂಟು ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಮಾವನ ಗಂಬೂಟಿನೊಳಗೆ ಚಮಚ ಹಾಕುವ, ತೆಗೆಯುವ, ಹಾಕುವ ಆಟ. ಅತ್ತೆ ಒಂಬತ್ತಕ್ಕೇ ‘ಸೊಂಟ ನೋವು’ ಎಂದು ಬಾಗಿಲು ಹಾಕಿಕೊಂಡಿದ್ದರು.

ಮಳೆಗಾಲದ ತೊಂದರೆಯೂ ಇದೆ ಅನ್ನಿ. ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಒಂದೇ ಬೆಳಕು, ಒಂದೇ ಮಂಜು. ಹೊತ್ತು ತಿಳಿಯಲು ಮೈಗೆ ಬೆಳಕು ಬೇಕು, ಬೆಳಕೇ ಇಲ್ಲ. ನಮ್ಮ ಹುಂಜವೇ ಗೊಂದಲದಲ್ಲಿತ್ತು. ಅದರ ಮೇಲೆ ಪುಟ್ಟಿ ಮೇನಲ್ಲಿ ಹುಟ್ಟಿದವಳು. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲೇ ಮಲಗಿ ಅಭ್ಯಾಸ. ಮಳೆ ಜೋರಾಗಿದ್ದರೆ ಮಲಗುತ್ತಾಳೆ. ಹೊಳವಾಗಿ ಸದ್ದು ನಿಂತರೆ ಎದ್ದು, ‘ಯಾರು ನಿಲ್ಲಿಸಿದ್ದು?’ ಎನ್ನುವ ಹಾಗೆ ನನ್ನನ್ನು ನೋಡುತ್ತಾಳೆ.

ಈಗ ನನ್ನ ಕಳ್ಳತನದ ವಿಷಯ.

ಎರಡನೇ ವಾರದಲ್ಲಿ ಅಂಕಿಗಳು ಸ್ಪಷ್ಟವಾಗುತ್ತಾ ಬಂದವು. ಮಧ್ಯಾಹ್ನ 20, 15, ಸೊನ್ನೆ, ಸೊನ್ನೆ, 10. ಎರಡು ಹೋಗಿ ಒಂದಾಗುವುದು ಖಚಿತ. ಒಂದಾಗಬೇಕೆಂದರೆ ಬೆಳಗಿನ ನಿದ್ದೆಯನ್ನು ಮಧ್ಯಾಹ್ನದ ಕಡೆ ತಳ್ಳಬೇಕು. ಅಂದರೆ ಒಂಬತ್ತೂವರೆ ಹೋಗುತ್ತದೆ. ಆ ಒಂಬತ್ತೂವರೆ ನನ್ನದು! ಆಗಲೇ ನಾನು ಬಿಸಿ ಕಾಫಿಯನ್ನು ಬಿಸಿಯಾಗಿ ಕುಡಿಯುವುದು. ಆಗಲೇ ಮೂರು ಹೋಮ್‌ಸ್ಟೇಗಳ ಲೆಕ್ಕ ಬರೆದು ನಾಲ್ಕು ಕಾಸು ನೋಡುವುದು. ಹಾಗಾಗಿ ಒಂದು ದಿನ ಸೊನ್ನೆ ಇದ್ದಲ್ಲಿ 40 ಎಂದು ಬರೆದೆ. ಮರುದಿನ 45. ಎರಡು ನಿದ್ದೆ ಇನ್ನೂ ಬೇಕು ಅಂತ ಡೈರಿಯೇ ಹೇಳಲಿ ಎಂದು.

ಮಾವ ಡೈರಿ ನೋಡಿದರು. ನನ್ನನ್ನು ನೋಡಿದರು. ‘ನಾನು ಮಧ್ಯಾಹ್ನ ಜಗಲಿಯಲ್ಲೇ ಇದ್ದೆನಲ್ಲ’ ಎಂದರು. ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು, ‘ಮಳೆ ಲೆಕ್ಕ ಸುಳ್ಳು ಬರೆಯುವವರು ತೋಟ ಮಾಡಬಾರದು’ ಎಂದು ಗೋಡೆಗೆ ಹೇಳಿದರು. ನಾನು ರಬ್ಬರ್ ಹುಡುಕಿದೆ. ಬರೆದದ್ದು ಪೆನ್ನಿನಲ್ಲಿ.

ಮತ್ತೆ ಶುರುವಾದದ್ದು ಹದಿನೈದು ನಿಮಿಷದ ಆಟ. ಮೂರು ದಿನ 9:45, ಮುಂದಿನ ಮೂರು ದಿನ 10, ಆಮೇಲೆ 10:15. ಕೇಳಲು ಸುಲಭ. ಆದರೆ ಕಣ್ಣುಜ್ಜುವ ಮಗುವನ್ನು ಹದಿನೈದು ನಿಮಿಷ ಎಚ್ಚರ ಇಡುವುದು ಅಂದರೆ ಹದಿನೈದು ನಿಮಿಷ ಸರ್ಕಸ್ ನಡೆಸಿದ ಹಾಗೆ. ಮಾವ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹಸು ತೋರಿಸುತ್ತಿದ್ದರು. ಅತ್ತೆ ಒಂದು ದಿನ ‘ಸ್ನಾನ ಮಾಡಿಸ್ತೇನೆ, ಚುರುಕಾಗ್ತಾಳೆ’ ಎಂದು ಎತ್ತಿಕೊಂಡು ಹೋದರು. ನಮ್ಮ ಬಚ್ಚಲಲ್ಲಿ ದೊಡ್ಡ ಹಂಡೆ, ಬೆಳಗಿನಿಂದ ಉರಿಯುವ ಕಾಫಿ ಸೌದೆ, ಮೇಲೆ ಹಗ್ಗದಲ್ಲಿ ಹೊಗೆ ಹೀರುತ್ತಾ ಒಣಗುವ ಲಂಗೋಟಿಗಳ ಸಾಲು. ಆ ಬೆಚ್ಚಗಿನ ಹೊಗೆಯಲ್ಲಿ, ಆ ಬಿಸಿನೀರಿನಲ್ಲಿ, ದೊಡ್ಡವರೇ ನಿಂತಲ್ಲಿ ತೂಕಡಿಸುತ್ತಾರೆ. ಟವೆಲಿನಲ್ಲಿ ಒಂದು ಕಾಲು ಒರೆಸಿ ಇನ್ನೊಂದು ಕಾಲಿಗೆ ಬರುವಷ್ಟರಲ್ಲಿ ಪುಟ್ಟಿ ಗೊರಕೆ ಹೊಡೆಯುತ್ತಿದ್ದಳು. ಸಮಯ 9:20. ಮೂರು ದಿನದ ಕಷ್ಟ ಬಚ್ಚಲ ಗುಂಡಿಗೆ ಹೋಯಿತು.

ರಾತ್ರಿ ನಿದ್ದೆಯನ್ನೂ ಹಿಂದಕ್ಕೆ ತಂದೆವು. ಎಂಟೂವರೆ ಇದ್ದದ್ದು ಏಳಾಯಿತು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹಗಲಿನದು ಕಡಿಮೆಯಾದರೆ ಕೊರತೆಯನ್ನು ರಾತ್ರಿ ತುಂಬಬೇಕಲ್ವಾ? ಲೆಕ್ಕ ಸರಿಯಾಯಿತು. ಗಂಡ ಮಡಿಕೇರಿಯಿಂದ ಬರುವುದು ಏಳೂಕಾಲಿಗೆ. ಒಂದು ವಾರ ಅವರು ಮಗಳನ್ನು ನೋಡಿದ್ದು ನನ್ನ ಫೋನಿನಲ್ಲಿ ಮಾತ್ರ. ಒಂದು ಫೋಟೋ ದೊಡ್ಡದು ಮಾಡಿ, ‘ಇದು ಹೊಸ ಹಲ್ಲಾ?’ ಎಂದು ಕೇಳಿದರು. ಹೌದು, ಬಂದಿತ್ತು. ಒಪ್ಪಿಕೊಳ್ಳಲೇಬೇಕಾಯಿತು.

ಇದರ ನಡುವೆ ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ, ಬಂತು. ಮನೆ ತುಂಬ ಮದ್ದುಸೊಪ್ಪಿನ ಘಮ. ಅದರ ರಸದ ನೇರಳೆ ಬಣ್ಣದ ಪಾಯಸ ಎಲ್ಲರೂ ತಿಂದೆವು, ಪುಟ್ಟಿಗೂ ಒಂದು ಚಮಚ. ಆ ದಿನ ಆ ಸೊಪ್ಪಿಗೆ 18 ಬಗೆಯ ಮದ್ದು ಇಳಿದಿರುತ್ತದೆ ಎಂಬುದು ನಂಬಿಕೆ. ಮರುದಿನ ಮೂತ್ರ ಕೆಂಪಾಗುತ್ತದೆ ಎಂಬುದು ಇಡೀ ಕೊಡಗಿಗೇ ಗೊತ್ತು. ನನಗೂ ಗೊತ್ತು, ಇಲ್ಲೇ ಹುಟ್ಟಿದವಳು. ಆದರೆ ನಿದ್ದೆಗೆಟ್ಟ ತಲೆ. ಬೆಳಿಗ್ಗೆ ಕೆಂಪು ಲಂಗೋಟಿ ನೋಡಿ ಚೀರಿದೆ, ಗಂಡನಿಗೆ ‘ಕಾರು ತೆಗೀರಿ’ ಎಂದೆ. ಅವರು ಗಾಬರಿಯಲ್ಲಿ ಕಾರಿನ ಕೀ ಬದಲು ಅಡಿಕೆ ಕತ್ತರಿ ಹಿಡಿದು ಓಡಿದರು. ಅತ್ತೆ ನಕ್ಕು ನಕ್ಕು ಒಲೆ ಕಟ್ಟೆಯ ಮೇಲೆ ಕೂತುಬಿಟ್ಟರು.

ಆಗಸ್ಟ್ ಪೂರ್ತಿ ಹೀಗೇ ಎಳೆದಾಡಿತು. ಒಂದು ದಿನ ಒಂದು ನಿದ್ದೆ, ಮರುದಿನ ಸುಸ್ತಾಗಿ ಮತ್ತೆ ಎರಡು. ಮಾವನಿಗೆ ಬೇಸರವೇ ಇಲ್ಲ. ‘ಮಳೆಯೂ ಒಂದೇ ದಿನಕ್ಕೆ ಬಿಡ್ತದಾ?’

ಕೊಡಗಿನಲ್ಲಿ ಆಯುಧಗಳಿಗೆ ಪೂಜೆ ಮಾಡುವ ಹಬ್ಬ ಕೈಲ್‌ಮುಹೂರ್ತದ ಮರುದಿನ, ಸೆಪ್ಟೆಂಬರ್ 4. ಹಿಂದಿನ ದಿನದ ಕಡುಬು ಇನ್ನೂ ಉಳಿದಿತ್ತು. ಹನ್ನೊಂದೂವರೆಗೆ ಊಟ ಮಾಡಿಸಿ, ಹನ್ನೆರಡೂಕಾಲಿಗೆ ಜೋಳಿಗೆಗೆ ಹಾಕಿದೆ. ಎರಡು ತೂಗು. ಮಲಗಿದಳು. ಕಾದೆ. ತಲೆ ಹೊರಗೆ ಬರಲಿಲ್ಲ. ಒಂದು ಗಂಟೆಯಾದರೂ ಮಲಗುತ್ತಾಳೋ ಇಲ್ಲವೋ ಎಂದುಕೊಂಡು ಕಾಫಿ ಮಾಡಿಕೊಂಡೆ, ಲ್ಯಾಪ್‌ಟಾಪ್ ತೆರೆದೆ, ಮೊದಲನೇ ಹೋಮ್‌ಸ್ಟೇಯ ಬಿಲ್ಲು ಕೈಗೆತ್ತಿಕೊಂಡೆ.

ಕಣ್ಣು ಬಿಟ್ಟಾಗ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ನನ್ನ ಮೇಲೆ ಯಾರೋ ಕಂಬಳಿ ಹೊದಿಸಿದ್ದರು. ಪುಟ್ಟಿ ಅಂಗಳದಲ್ಲಿ ಮಾವನ ಹೆಗಲ ಮೇಲೆ ಕೂತು ಹುಂಜನಿಗೆ ಏನೋ ಹೇಳುತ್ತಿದ್ದಳು. ಮೇಜಿನ ಮೇಲೆ ಡೈರಿ ತೆರೆದೇ ಇತ್ತು.

‘ಮಳೆ 35 ಸೆಂಟ್. ಮಗು 2 ಗಂಟೆ 10 ನಿಮಿಷ. ಸೊಸೆ 2 ಗಂಟೆ 25.’