ಎಷ್ಟು ಹೊಡೆದೆ, ಹೇಗೆ ಔಟಾದೆ

ಮೂರು ಸಲ ಬ್ಯಾಟ್ ಹಿಡಿದು ಬಂದ ಹುಡುಗ ಮೂರು ಸಲವೂ ಔಟಾದ. ಎರಡು ಸ್ಟ್ರೈಕ್‌ಔಟ್ (ಬೇಸ್‌ಬಾಲ್‌ನಲ್ಲಿ ಮೂರು ಸಲ ಬಾಲ್ ಹೊಡೆಯಲು ತಪ್ಪಿ ಔಟಾಗುವುದು), ಒಂದು ಕ್ಯಾಚ್. ನನ್ನ ಪಕ್ಕದ ಸೀಟಿನಲ್ಲಿದ್ದ ಅಜ್ಜ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಇವತ್ತು ಹುಡುಗ ಚೆನ್ನಾಗಿ ಆಡಿದ" ಅಂದರು.

ನಾವಿರುವುದು ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ. ಬೇಸಿಗೆಯ ಸಂಜೆ ಡರ್ಹಮ್ ಬುಲ್ಸ್ ಬೇಸ್‌ಬಾಲ್ ನೋಡೋಕೆ ಹೋಗುತ್ತೇವೆ. ಇದು ಟ್ಯಾಂಪಾ ಬೇ ರೇಸ್‌ನ ಟ್ರಿಪಲ್ ಎ ತಂಡ. ಅಂದರೆ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ಗೆ ಇನ್ನೊಂದೇ ಮೆಟ್ಟಿಲು. ಇದರ ಕೆಳಗೆ ಡಬಲ್ ಎ, ಹೈ ಎ, ಸಿಂಗಲ್ ಎ ಅಂತ ಇನ್ನೂ ಮೂರು ಮೆಟ್ಟಿಲು.

ಅಜ್ಜನ ಮಾತು ನನಗೆ ಅರ್ಥವಾಗಲಿಲ್ಲ. ಅವರು ತಾವು ಪಂದ್ಯದ ಲೆಕ್ಕ ಬರೆದಿಡುವ ಪುಸ್ತಕ ತೆಗೆದು ಆ ಹುಡುಗನ ಏಪ್ರಿಲ್‌ನ ಒಂದು ಪುಟ ತೋರಿಸಿದರು. ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟ್ ಬೀಸದೆ ನಿಂತೇ ಔಟಾದರೆ ಅದೇ ಕೆ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಪಕ್ಕದಲ್ಲಿ ಸಣ್ಣದಾಗಿ, ಎಷ್ಟು ಎಸೆತ ಎದುರಿಸಿದ ಅನ್ನೋ ಲೆಕ್ಕ. ಏಪ್ರಿಲ್‌ನಲ್ಲಿ 3, 4, 3. ಈ ಸಂಜೆ 7, 9, 6. ಆಗ ಹೊರಗೆ ಕೆಳಕ್ಕೆ ಬಾಗುವ ಬಾಲ್‌ಗೆಲ್ಲ ಬ್ಯಾಟ್ ಬೀಸುತ್ತಿದ್ದನಂತೆ. ಈ ಸಂಜೆ ಅಂಥ ನಾಲ್ಕು ಬಾಲನ್ನು ಸುಮ್ನೆ ಬಿಟ್ಟ. ಕ್ಯಾಚ್ ಹೋದ ಹೊಡೆತವನ್ನೂ ಫೋನಿನಲ್ಲಿ ತೋರಿಸಿದರು. ಬ್ಯಾಟಿನಿಂದ ಗಂಟೆಗೆ 104 ಮೈಲಿ ವೇಗದಲ್ಲಿ ಹೊರಟ ಬಾಲ್ ಅದು. ಇಲ್ಲಿ 95 ಮೈಲಿ ದಾಟಿದರೇ ಗಟ್ಟಿ ಹೊಡೆತ ಅನ್ನುತ್ತಾರೆ. 2023ರಿಂದ ಟ್ರಿಪಲ್ ಎ ಮೈದಾನಗಳಲ್ಲೂ ಇದನ್ನೆಲ್ಲ ಅಳೆಯುತ್ತಾರೆ. ಅಜ್ಜನಿಗೆ ಆ ಹುಡುಗ ಬಂಧುವಲ್ಲ, ಬಳಗವಲ್ಲ.

ಅವತ್ತು ಬೆಳಿಗ್ಗೆಯೇ ದಾವಣಗೆರೆಯಿಂದ ಅಕ್ಕ ಫೋನ್ ಮಾಡಿದ್ದಳು. "ಹೋಯ್ತು ಕಣೋ, ಲಿಸ್ಟಲ್ಲಿ ಇವನ ಹೆಸರಿಲ್ಲ." ಅವಳ ಮಗ ಹದಿನಾರರೊಳಗಿನವರ ಆಯ್ಕೆಗೆ ಹೋಗಿದ್ದ. ಎರಡು ಪಂದ್ಯ. ಒಂದರಲ್ಲಿ 4 ರನ್, ಇನ್ನೊಂದರಲ್ಲಿ ಬ್ಯಾಟಿಂಗೇ ಸಿಗಲಿಲ್ಲ. ಯಾಕೆ ಬಿಟ್ಟರು, ಏನು ತಿದ್ದಿಕೊಳ್ಳಬೇಕು, ಯಾರೂ ಒಂದು ಮಾತು ಹೇಳಲಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ನಮ್ಮಲ್ಲಿ ಹುಡುಗ ಕಿಟ್ ಬ್ಯಾಗ್ ಇಳಿಸುವ ಮೊದಲೇ ಕೇಳುವುದು ಒಂದೇ ಪ್ರಶ್ನೆ, "ಎಷ್ಟು ಹೊಡೆದೆ?" ಅಪ್ಪ ಕೇಳುತ್ತಾನೆ, ಎದುರು ಮನೆಯವರು ಕೇಳುತ್ತಾರೆ. ನಾನೂ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದೆ. ಸ್ಕೋರರ್ ನಮ್ಮ ಮೈದಾನದಲ್ಲೂ ಇರುತ್ತಾರೆ, ಬಾಲ್ ಬಾಲೂ ಬರೆಯುತ್ತಾರೆ. ಆದರೆ ಆ ಪುಸ್ತಕವನ್ನು ಆಮೇಲೆ ಯಾರು ತೆರೆದು ನೋಡುತ್ತಾರೆ?

ಇಲ್ಲಿನ ಹೆಸರಾಂತ ಬ್ಯಾಟರ್ ಆರನ್ ಜಡ್ಜ್ 2013ರಲ್ಲಿ ಮೇಜರ್ ಲೀಗ್ ತಂಡ ನ್ಯೂಯಾರ್ಕ್ ಯಾಂಕೀಸ್ ಸೇರಿದ. ಮೂರು ವರ್ಷ ಕೆಳಗಿನ ತಂಡಗಳಲ್ಲೇ ಆಡಿದ. 2016ರಲ್ಲಿ ಮೇಲೆ ಬಂದಾಗ 84 ಅವಕಾಶಗಳಲ್ಲಿ 42 ಸಲ ಸ್ಟ್ರೈಕ್‌ಔಟ್, ಸರಿಯಾಗಿ ಅರ್ಧ. ಆದರೂ ಮರುವರ್ಷ ಅವನನ್ನೇ ಆಡಿಸಿದರು. 52 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದ. ಅದೇ 2016ರ ಡಿಸೆಂಬರ್‌ನಲ್ಲಿ ನಮ್ಮ ಕರುಣ್ ನಾಯರ್ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ 303 ಹೊಡೆದು ಔಟಾಗದೆ ಉಳಿದರು. ಮರುವರ್ಷವೇ ತಂಡದಿಂದ ಹೊರಗೆ. ಮತ್ತೆ ಟೆಸ್ಟ್ ಆಡಿದ್ದು 2025ರಲ್ಲಿ. ಇವೆರಡನ್ನೂ ಪಕ್ಕ ಪಕ್ಕ ಇಟ್ಟಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಲ್ಲಿಯದೆಲ್ಲ ಚಿನ್ನ ಅಂತ ಹೇಳೋಕಾಗಲ್ಲ, ಒಪ್ಪುತ್ತೇನೆ. ಮೇಜರ್ ಲೀಗ್‌ನ 30 ತಂಡಗಳ ಕೆಳಗೆ ಇಂಥ 120 ತಂಡಗಳಿವೆ. ಅಲ್ಲಿ ಆಡುವ ಹುಡುಗರಲ್ಲಿ ಹೆಚ್ಚಿನವರು ಮೇಲೆ ಹೋಗುವುದೇ ಇಲ್ಲ. 2023ರಲ್ಲಿ ಆಟಗಾರರ ಸಂಘದ ಜೊತೆ ಆದ ಒಪ್ಪಂದಕ್ಕೆ ಮೊದಲು ಸಿಂಗಲ್ ಎ ಹುಡುಗನ ಕನಿಷ್ಠ ಸಂಬಳ ವರ್ಷಕ್ಕೆ ಸುಮಾರು 11,000 ಡಾಲರ್ ಅಷ್ಟೇ. ಆ ದುಡ್ಡಲ್ಲಿ ಇಲ್ಲಿ ಬಾಡಿಗೆ ಕಟ್ಟೋದೇ ಕಷ್ಟ. ವಾರಕ್ಕೆ ಆರು ಪಂದ್ಯ ಇರುವ ಕಡೆ ತಾಳ್ಮೆಯಿಂದ ನೋಡುವುದು ಸುಲಭವೂ ಹೌದು. ನಮ್ಮಲ್ಲಿ ನೂರಾರು ಹುಡುಗರು, ಕೆಲವೇ ದಿನ, ನೋಡುವವರು ಇಬ್ಬರು ಮೂವರು. ಆ ಆಯ್ಕೆಗಾರರ ಜಾಗದಲ್ಲಿ ಕೂತರೆ ಅವರ ಕಷ್ಟ ಗೊತ್ತಾಗಬಹುದು. ಆದರೂ ಒಂದು ಮಾತು ಹೇಳೋಕೆ ದುಡ್ಡು ಬೇಡ ಅಲ್ವಾ?

ಮುಂದಿನ ಭಾನುವಾರ ಅಕ್ಕನ ಮಗನಿಗೆ ಫೋನ್ ಮಾಡಿದೆ. ರನ್ ವಿಷಯ ಎತ್ತಲಿಲ್ಲ. "ಹೇಗೆ ಔಟಾದೆ, ಹೇಳು ಪುಟ್ಟಾ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಶುರು ಮಾಡಿದ. "ಹನ್ನೊಂದು ಬಾಲ್ ಆಡಿದೆ ಮಾಮ. ಮ್ಯಾಟ್ ಮೇಲೆ ಬಾಲ್ ಎದ್ದು ಬರ್ತಿತ್ತು. ಮೊದಲನೇದು ಆಫ್ ಸ್ಟಂಪ್ ಹೊರಗೆ, ಬಿಟ್ಟೆ..." ಹನ್ನೊಂದೂ ಅವನಿಗೆ ನೆನಪಿತ್ತು. ಕೈಗೆ ಸಿಕ್ಕ ಕವರಿನ ಹಿಂದೆ ನಾನು ಒಂದೊಂದಾಗಿ ಬರೆದುಕೊಳ್ಳುತ್ತಾ ಹೋದೆ.