ಹೆಸರು: ಬೇಡದವಳು. ಹಾಜರಿ: ಬಂದಿದೀನಿ ಸಾರ್

ಮಗುವಿಗೆ ಹೆಸರಿಡೋದು ಈಗ ದೊಡ್ಡ ಸಾಹಸ. ನಕ್ಷತ್ರ ನೋಡಬೇಕು, ಸಂಖ್ಯಾಶಾಸ್ತ್ರದವರಿಗೆ ದುಡ್ಡು ಕೊಡಬೇಕು, ಆ ಹೆಸರು ಇಡೀ ಬೀದಿಯಲ್ಲಿ ಇನ್ಯಾರಿಗೂ ಇರಬಾರದು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಈ ತಲೆನೋವೇ ಇರಲಿಲ್ಲ. ಮೂರನೆಯದೂ ಹೆಣ್ಣಾಯ್ತಾ? ಹೆಸರು ರೆಡಿ. ನಕುಸಾ. ಮರಾಠಿಯ ‘ನಕೋ’ದಿಂದ ಬಂದದ್ದು. ನಮ್ಮ ಮಾತಲ್ಲಿ ಬೇಡದವಳು.

ಅದು ಹೆಸರಲ್ಲ, ದೇವರಿಗೆ ಹಾಕಿದ ಅರ್ಜಿ. ಹೀಗೆ ಕರೆದರೆ ಮುಂದಿನ ಸಲ ಗಂಡು ಹುಟ್ಟುತ್ತೆ ಅನ್ನೋ ನಂಬಿಕೆ. ಅರ್ಜಿ ಗಂಡುಮಗುವಿಗಾಗಿ, ಬರೆದದ್ದು ಮಾತ್ರ ಮಗಳ ಹಣೆ ಮೇಲೆ. ಶಾಲೆಯ ಹಾಜರಿ ನೆನೆಸಿಕೊಳ್ಳಿ. ಮೇಷ್ಟ್ರು ‘ಬೇಡದವಳು’ ಅಂತ ಕೂಗಬೇಕು. ಎರಡು ಜಡೆಯ ಹುಡುಗಿ ಎದ್ದು ‘ಬಂದಿದೀನಿ ಸಾರ್’ ಅನ್ನಬೇಕು. ದಿನಾ. ಮರಾಠಿ ಪದ್ಧತಿಯಲ್ಲಿ ಹೆಸರಿನ ಪಕ್ಕದಲ್ಲೇ ಅಪ್ಪನ ಹೆಸರೂ ಇರುತ್ತೆ. ಯಾರಿಗೆ ಬೇಡ ಅನ್ನೋದೂ ದಾಖಲೆಯಲ್ಲೇ ಸಿಗುತ್ತೆ ಅಲ್ವಾ?

ನಮ್ಮಲ್ಲಿ ಮಗುವನ್ನು ತಿಪ್ಪೆ ಮೇಲೆ ಮಲಗಿಸಿ ತಿಪ್ಪಮ್ಮ, ತಿಪ್ಪಯ್ಯ ಅಂತ ಕರೆದದ್ದುಂಟು. ಅದು ಯಮನ ಕಣ್ಣು ತಪ್ಪಿಸಿ ಮಗು ಉಳಿಸಿಕೊಳ್ಳೋ ಉಪಾಯ. ಸಾಕಮ್ಮನ ವಿಷಯ ಬೇರೆ. ‘ಸಾಕಿದವಳು ಅಂತ ಅರ್ಥ ಕಣಪ್ಪ’ ಅಂತ ಅಜ್ಜಿ ಹೇಳ್ತಾರೆ. ಹಾಗಾದರೆ ನಾಲ್ಕನೇ ಹೆಣ್ಣಿಗೇ ಯಾಕೆ ಅಂತ ಕೇಳಿ ನೋಡಿ, ಕಾಫಿ ಇಡೋಕೆ ಎದ್ದು ಹೋಗ್ತಾರೆ.

2011ರ ಜನಗಣತಿಯ ಮೊದಲ ಲೆಕ್ಕ ಬಂತು. ದೇಶದಲ್ಲಿ ಆರು ವರ್ಷದವರೆಗಿನ 1000 ಗಂಡುಮಕ್ಕಳಿಗೆ 914 ಹೆಣ್ಣುಮಕ್ಕಳು. ಸ್ಕ್ಯಾನ್ ಮಾಡಿ ಗಂಡೋ ಹೆಣ್ಣೋ ಹೇಳೋದು 1994ರ ಕಾಯ್ದೆಯಲ್ಲೇ ಅಪರಾಧ. ಆದರೂ ಅನುಕೂಲಸ್ಥರು ಹೆಸರಿಡೋವರೆಗೆ ಕಾಯೋದಿಲ್ಲ. ಆ ಲೆಕ್ಕದಲ್ಲಿ ನಕುಸಾಗಳೇ ಅದೃಷ್ಟವಂತರು, ಹುಟ್ಟಿದರು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲಾಡಳಿತಕ್ಕೆ ಪರಿಹಾರ ಹೊಳೆಯಿತು. ನಾಮಕರಣ ಸಮಾರಂಭ! ಹುಡುಕಿದರೆ ಒಂದೇ ಜಿಲ್ಲೆಯಲ್ಲಿ 285 ನಕುಸಾಗಳು. ಅಪರೂಪದ ಹೆಸರು ಅಂತ ಬೇರೆ ಹೇಳ್ತೀವಿ! ತಲೆಗೆ ರಿಬ್ಬನ್ ಕಟ್ಟಿಕೊಂಡು, ಇದ್ದದ್ದರಲ್ಲಿ ಒಳ್ಳೆ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತರು. ಒಂದು ಸಣ್ಣ ಹೂಗುಚ್ಛ, ಒಂದು ಪ್ರಮಾಣಪತ್ರ. ಬೆಳಿಗ್ಗೆ ಬೇಡದವಳು, ಮಧ್ಯಾಹ್ನದ ಊಟದ ಹೊತ್ತಿಗೆ ಐಶ್ವರ್ಯಾ. ಇನ್ನೊಬ್ಬಳು ವೈಶಾಲಿ. ಸುಮ್ನೆ ಹೇಳಬಾರದು, ಹುಡುಗಿಯರಿಗೆ ನಿಜವಾಗಿ ಖುಷಿಯಾಗಿತ್ತು.

ಪಕ್ಕದಲ್ಲಿ ಅಪ್ಪನ ಹೆಸರು ಮಾತ್ರ ಅದೇ.